ರಾಯಚೂರಿನ ದಾರಿಯಲ್ಲಿ ನಕ್ಷೆಯಿಂದ ಮಾಯವಾಗುವ ಕಾರು

ಪ್ರಶ್ನೆ: ಸರ್, ನಾನು ಗಂಗಾವತಿಯವನು. ಈಚೆಗೆ ಹ್ಯಾಮ್ (ಹವ್ಯಾಸಿ) ರೇಡಿಯೊ ಪರವಾನಗಿ ಸಿಕ್ಕಿದೆ, ವಿಯು3 ಎಂದು ಶುರುವಾಗುವ ಕಾಲ್‌ಸೈನ್ (ರೇಡಿಯೊದಲ್ಲಿ ನನ್ನ ಗುರುತು). ಕಾರಿಗೆ ಎಪಿಆರ್‌ಎಸ್ (ಜಾಗ, ಚಿಕ್ಕ ಸಂದೇಶಗಳನ್ನು ರೇಡಿಯೊದಲ್ಲಿ ಕಳಿಸುವ ವ್ಯವಸ್ಥೆ) ಟ್ರ್ಯಾಕರ್ ಹಾಕಿದ್ದೇನೆ. ಬೆಂಗಳೂರಿನಲ್ಲಿ ಓಡಾಡಿದಾಗ ಇಂಟರ್‌ನೆಟ್ ನಕ್ಷೆಯಲ್ಲಿ ನನ್ನ ಜಾಗ ಕಾಣಿಸಿತು. ಕಾರಟಗಿ, ಸಿಂಧನೂರು ಮೇಲೆ ರಾಯಚೂರಿಗೆ ಹೋದರೆ ಒಂದು ಚುಕ್ಕಿಯೂ ಬೀಳುವುದಿಲ್ಲ. ಹತ್ತು ಸೆಕೆಂಡಿಗೊಮ್ಮೆ ಕಳಿಸಿದರೂ ಅಷ್ಟೇ. ಮನೆಯಲ್ಲೇ ಒಂದು ಗೇಟ್‌ವೇ ಹಾಕಲೇ?

ಉತ್ತರ: ಬೆಂಗಳೂರಿನಲ್ಲಿ ಕಾಣಿಸಿತು ಎಂದ ಮೇಲೆ ಟ್ರ್ಯಾಕರ್ ಬಗ್ಗೆ ಅನುಮಾನ ಬೇಡ. ಅದು ತಾನಾಗಿ ಇಂಟರ್‌ನೆಟ್ಟಿಗೆ ಏನನ್ನೂ ಕಳಿಸುವುದಿಲ್ಲ. ಜಿಪಿಎಸ್ ಕೊಟ್ಟ ಜಾಗವನ್ನು ಚಿಕ್ಕ ಪ್ಯಾಕೆಟ್ ಮಾಡಿ, 1200 ಮತ್ತು 2200 ಹರ್ಟ್ಜ್‌ನ ಎರಡು ಸ್ವರಗಳಲ್ಲಿ ಗಾಳಿಗೆ ಬಿಡುತ್ತದೆ. ಅದನ್ನು ಕೇಳಿಸಿಕೊಂಡು ಎಪಿಆರ್‌ಎಸ್ ಸರ್ವರಿಗೆ ದಾಟಿಸುವುದು ಐಗೇಟ್ ಎಂಬ ಕೇಂದ್ರದ, ಅಂದರೆ ನೀವು ಹೇಳುವ ಗೇಟ್‌ವೇಯ ಕೆಲಸ. ನಿಮ್ಮ ದಾರಿಯಲ್ಲಿ ಕೇಳುವ ಕಿವಿಯೇ ಇಲ್ಲ.

ಹತ್ತು ಸೆಕೆಂಡಿಗೊಮ್ಮೆ ಜಾಗ ಕಳಿಸುವ ಬೀಕನ್ ಅನ್ನು ದಯವಿಟ್ಟು ಇವತ್ತೇ ನಿಲ್ಲಿಸಿ. ಎಲ್ಲರಿಗೂ ಇರುವುದು ಒಂದೇ ಫ್ರೀಕ್ವೆನ್ಸಿ, ವೇಗ ಸೆಕೆಂಡಿಗೆ ಬರೀ 1200 ಬಿಟ್. ಎರಡು ಪ್ಯಾಕೆಟ್ ಒಂದರ ಮೇಲೊಂದು ಬಿದ್ದರೆ ಎರಡೂ ಹಾಳಾಗಬಹುದು. ಓಡುವಾಗ ಒಂದೆರಡು ನಿಮಿಷಕ್ಕೊಮ್ಮೆ, ನಿಂತಾಗ ಅರ್ಧ ಗಂಟೆಗೊಮ್ಮೆ ಸಾಕು.

ಗೇಟ್‌ವೇ ಖಂಡಿತ ಹಾಕಿ. ಆದರೆ ಮೊದಲು ಬರೀ ಕೇಳುವ ಐಗೇಟ್ ಆಗಲಿ. ರೇಡಿಯೊ ಕೇಳುವ ಆರ್‌ಟಿಎಲ್-ಎಸ್‌ಡಿಆರ್ ಯುಎಸ್‌ಬಿ ಡಾಂಗಲ್, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಪ್ಯಾಕೆಟ್ ಬಿಡಿಸಿ ಓದುವ, ಉಚಿತವಾಗಿ ಸಿಗುವ ಡೈರ್‌ವುಲ್ಫ್ ತಂತ್ರಾಂಶ, ಇಷ್ಟಿದ್ದರೆ ಕೆಲಸ ಶುರು. ಯಾವುದು ಯಾವ ಕೇಂದ್ರ ಎಂದು ತಿಳಿಯಲು ಕಾಲ್‌ಸೈನ್ ಕೊನೆಗೆ ಕಾರಿಗೆ -9, ಐಗೇಟಿಗೆ -10 ಸೇರಿಸುವುದು ರೂಢಿ. ಕರೆಂಟ್ ಹೋಗುವ ಊರಾದರೆ ಪೈಗೆ ಬ್ಯಾಟರಿ ಇರಲಿ.

ದುಡ್ಡು, ಯೋಚನೆ ಎರಡನ್ನೂ ಆಂಟೆನಾ ಮೇಲೆ ಹಾಕಿ. ನೆಲದಿಂದ 10 ಮೀಟರ್ ಎತ್ತರದ ಆಂಟೆನಾಕ್ಕೆ ರೇಡಿಯೊ ದಿಗಂತ, ಅಂದರೆ ಅಲೆ ನೇರವಾಗಿ ಮುಟ್ಟುವ ದೂರ, ಸುಮಾರು 13 ಕಿಲೊಮೀಟರ್. ಕಾರಿನ ಆಂಟೆನಾದ ಪಾಲು ಸೇರಿದರೆ 18ರ ಹತ್ತಿರ. ಇದು ಬಯಲಿನ ಲೆಕ್ಕ. ಸಿಂಧನೂರಿನ ಭತ್ತದ ಗದ್ದೆಗಳ ಮೇಲೆ ಈ ಲೆಕ್ಕ ನಂಬಬಹುದು. ಆನೆಗೊಂದಿ, ಅಂಜನಾದ್ರಿ ಕಡೆಯ ಬಂಡೆಗುಡ್ಡಗಳ ಮರೆಗೆ ಹೋದರೆ ನಡೆಯುವುದಿಲ್ಲ. ಹಾಗಾಗಿ ನಿಮ್ಮ ಮನೆಗಿಂತ ಕಾರಟಗಿಯಲ್ಲೋ ಸಿಂಧನೂರಿನಲ್ಲೋ ಲೈಸೆನ್ಸ್ ಇರುವ ಗೆಳೆಯರ ಎತ್ತರದ ಮಾಳಿಗೆ ನಿಮ್ಮ ದಾರಿಗೆ ಹೆಚ್ಚು ಉಪಯೋಗ. ತೆಳ್ಳನೆಯ ಕೇಬಲ್ ಉದ್ದಕ್ಕೆ ಎಳೆದರೆ ಎತ್ತರದಿಂದ ಬಂದ ಲಾಭವೆಲ್ಲ ಕೇಬಲ್ಲಿನಲ್ಲೇ ಸೋರಿಹೋಗುತ್ತದೆ.

ಬರೀ ಕೇಳುವ ಐಗೇಟಿಗೆ ಒಂದು ಕೊರತೆಯಿದೆ. ಕಾರಿನಿಂದ ನೀವು ಕಳಿಸಿದ ಸಂದೇಶ ದೂರದವರಿಗೆ ಮುಟ್ಟುತ್ತದೆ, ಮುಟ್ಟಿತು ಎಂಬ ಉತ್ತರ ಮಾತ್ರ ನಿಮಗೆ ವಾಪಸ್ ಬರುವುದಿಲ್ಲ. ಅದಕ್ಕೆ ಕೇಳುವುದಲ್ಲದೆ ಇಂಟರ್‌ನೆಟ್ಟಿನಿಂದ ಗಾಳಿಗೂ ಕಳಿಸುವ, ಎರಡೂ ಕಡೆಯ ಐಗೇಟ್ ಬೇಕು. ಹಾಕುವಾಗ, ಹತ್ತಿರದಲ್ಲಿ ಈಗಷ್ಟೇ ಕೇಳಿಸಿದ ಕೇಂದ್ರಗಳಿಗೆ ಬಂದ ಸಂದೇಶವನ್ನಷ್ಟೇ ಗಾಳಿಗೆ ಬಿಡಿ. ಅಲ್ಲಿಂದ ಹೊರಡುವ ಪ್ರತಿ ಪ್ಯಾಕೆಟ್ಟಿಗೂ ಆ ಕೇಂದ್ರದ ಪರವಾನಗಿದಾರರೇ ಹೊಣೆ. ಮೊದಲು ಲೈಸೆನ್ಸಿನ ಷರತ್ತು ಓದಿ, ಅನುಮಾನವಿದ್ದರೆ ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೊ ತರಂಗಗಳ ಬಳಕೆ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗಕ್ಕೆ ಬರೆದು ಕೇಳಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಎಪಿಆರ್‌ಎಸ್ ಕಟ್ಟಿದ ಅಮೆರಿಕದ ಬಾಬ್ ಬ್ರುನಿಂಗಾ, ಇದು ವಾಹನ ಹುಡುಕುವ ಸಾಧನವಷ್ಟೇ ಅಲ್ಲ, ಸುತ್ತಲಿನವರಿಗೆ ಆ ಕ್ಷಣದ ಸುದ್ದಿ ಮುಟ್ಟಿಸುವ ವ್ಯವಸ್ಥೆ ಎಂದು ಕೊನೆಯವರೆಗೂ ಒತ್ತಿ ಹೇಳುತ್ತಿದ್ದರು. ನಮ್ಮ ಭಾಗಕ್ಕೆ ಈ ಮಾತು ಬಹಳ ಮುಖ್ಯ ಎಂದು ನನ್ನ ನಂಬಿಕೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನದಿದಂಡೆಯ ಊರುಗಳೆಲ್ಲ ಗಾಬರಿಯಾಗಿದ್ದವು. ಅಂಥ ಹೊತ್ತಿನಲ್ಲಿ ಇಂಟರ್‌ನೆಟ್ ಹೋದರೆ ಐಗೇಟ್ ಇದ್ದೂ ಇಲ್ಲದಂತೆ. ರೇಡಿಯೊದಿಂದ ರೇಡಿಯೊಗೆ ದಾಟಿಸುವ ಡಿಜಿಪೀಟರ್ ಮಾತ್ರ ಕರೆಂಟ್ ಇರುವಷ್ಟು ಹೊತ್ತು ನಡೆಯುತ್ತಲೇ ಇರುತ್ತದೆ. ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿದರೆ ಆ ಜಾಗದಲ್ಲೇ ನಕ್ಷೆಯ ಮೇಲೆ ಒಂದು ಆಬ್ಜೆಕ್ಟ್ (ಎಲ್ಲರಿಗೂ ಕಾಣುವ ಗುರುತು) ಇಟ್ಟು, 'ಸಂಚಾರ ಬಂದ್' ಎಂದು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ. ಹಳೆಯ ಸೆಟ್‌ಗಳು ಕನ್ನಡ ಅಕ್ಷರ ತೋರಿಸುವುದಿಲ್ಲ. ಸೇತುವೆ ತೆರೆದ ಮೇಲೆ ಅದನ್ನು ತೆಗೆದುಬಿಡಿ, ಇಲ್ಲದಿದ್ದರೆ ನೋಡಿದವರು ಸುಮ್ಮನೆ ಸುತ್ತು ಹಾಕಿಕೊಂಡು ಹೋಗುತ್ತಾರೆ.