ಚಿತ್ರಕಾರ ಗಾಯ್ತೊಂಡೆ ರೋಲರಿನಿಂದ ಚಿತ್ರ ಮಾಡುತ್ತಿದ್ದುದು ಹೇಗೆ? ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲಾ ಮಕ್ಕಳಿಂದ ಮಾಡಿಸಬಹುದೇ?

ಮಾಡಿಸಬಹುದು, ಆದರೆ ಪೋಸ್ಟರ್ ಕಲರಿನಲ್ಲಿ ಬೇಡ.

ವಾಸುದೇವ ಗಾಯ್ತೊಂಡೆ (1924–2001) ಹುಟ್ಟಿದ್ದು ನಾಗಪುರದಲ್ಲಿ, ಕಲಿತದ್ದು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ. 1964ರಲ್ಲಿ ರಾಕ್‌ಫೆಲರ್ ಫೆಲೋಶಿಪ್ ಪಡೆದು ನ್ಯೂಯಾರ್ಕಿಗೆ ಹೋದರು. 1971ರಲ್ಲಿ ಪದ್ಮಶ್ರೀ ಬಂತು. ತಮ್ಮ ಚಿತ್ರಗಳನ್ನು 'ಅಮೂರ್ತ' ಎಂದರೆ ಒಪ್ಪುತ್ತಿರಲಿಲ್ಲ, 'ವಸ್ತುರಹಿತ' (ನಾನ್-ಆಬ್ಜೆಕ್ಟಿವ್) ಎನ್ನುತ್ತಿದ್ದರು. ವರ್ಷಕ್ಕೆ ಬೆರಳೆಣಿಕೆಯಷ್ಟೇ ಕ್ಯಾನ್ವಾಸು.

ಕುಂಚ ಎಳೆದ ಕಡೆ ಕೈಯ ಗುರುತು ಉಳಿಯುತ್ತದೆ. ರೋಲರ್ ಬಣ್ಣವನ್ನು ತೆಳುವಾಗಿ, ಸಮವಾಗಿ ಹರಡುತ್ತದೆ. ಅವರು ಎಣ್ಣೆಬಣ್ಣವನ್ನು ಪದರ ಪದರವಾಗಿ ಹಚ್ಚಿ, ಹರಿದ ಕಾಗದದ ತುಂಡುಗಳನ್ನು ಹಸಿ ಬಣ್ಣಕ್ಕೆ ಒತ್ತಿ ಎತ್ತುತ್ತಿದ್ದರು. ಅಡಿಯ ಪದರ ಅಲ್ಲಲ್ಲಿ ಇಣುಕುತ್ತದೆ. ಮಳೆಗಾಲ ಕಳೆದ ನಮ್ಮ ಮುರಕಲ್ಲಿನ ಗೋಡೆ ನೋಡಿದವರಿಗೆ ಆ ಮೇಲ್ಮೈ ಅಪರಿಚಿತವಲ್ಲ.

ತರಗತಿಯಲ್ಲಿ: ಪ್ರೈಮರ್ ಬಳಿದ ಹಲಗೆ, 2 ಇಂಚಿನ ರಬ್ಬರ್ ರೋಲರ್, ಹಳೆಯ ಪತ್ರಿಕೆ, ಎರಡೇ ಎಣ್ಣೆಬಣ್ಣ. ಮೊದಲ ಪದರಕ್ಕೆ ಟರ್ಪೆಂಟೈನ್ ಬೆರೆಸಿ, ಪೂರ್ತಿ ಒಣಗಿಸಿ. ಮೇಲಿನದಕ್ಕೆ ಸ್ವಲ್ಪ ಅಗಸೆ ಎಣ್ಣೆ. ಈ ಕ್ರಮ ತಿರುವುಮುರುವಾದರೆ ಮುಂದೆ ಬಣ್ಣ ಬಿರಿಯುತ್ತದೆ. ಕಾಗದ ಒತ್ತಿ ಕೂಡಲೇ ಎತ್ತಿ, ಅಂಟಿಕೊಂಡರೆ ನಾರು ಬಣ್ಣದಲ್ಲೇ ಉಳಿಯುತ್ತದೆ. ಪೋಸ್ಟರ್ ಕಲರಿನಲ್ಲಾದರೆ ಎರಡನೆಯ ಪದರದ ನೀರಿಗೆ ಮೊದಲನೆಯದೂ ಕರಗಿ ಕೆಸರಾಗುತ್ತದೆ.

ಕಿಟಕಿ ತೆರೆದಿಡಿ, ಟರ್ಪೆಂಟೈನ್ ನೀವೇ ಬೆರೆಸಿ. ಆಟಿ ತಿಂಗಳ (ಜುಲೈ–ಆಗಸ್ಟ್) ಥಂಡಿಯಲ್ಲಿ ಎಣ್ಣೆಬಣ್ಣ ಒಣಗುವುದು ಇನ್ನೂ ನಿಧಾನ. ಡಿಸೆಂಬರಿಗೆ ಇಟ್ಟುಕೊಳ್ಳುವುದು ಲೇಸು.