ಪಿರಾನೇಸಿಯ ಚಿತ್ರದಲ್ಲಿರುವಂತೆ ಅಪ್ಪಿಯನ್ ರಸ್ತೆ ನಿಜವಾಗಿಯೂ ಇತ್ತೇ?

ಇರಲಿಲ್ಲ. ರೋಮಿನ ಈ ಪ್ರಾಚೀನ ಹೆದ್ದಾರಿಯನ್ನು ತೋರಿಸುವ ಆ ಚಿತ್ರ, ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಒತ್ತಿದ ಮುದ್ರಣ; 1756ರಲ್ಲಿ ಪ್ರಕಟವಾಯಿತು. ಅದರ ದೃಶ್ಯ ಬಹುಪಾಲು ಇಟಲಿಯ ಕಲಾವಿದ ಪಿರಾನೇಸಿಯ ಕಲ್ಪನೆ. ಗೋರಿಗಳು, ಸ್ತಂಭಗಳು, ಅಸ್ಥಿಕಲಶಗಳು, ತಲೆಶಿಲ್ಪಗಳು ಒಂದರ ಮೇಲೊಂದು ಹೇರಿದಂತೆ ನಿಂತಿವೆ. ಅವುಗಳ ಬುಡದಲ್ಲಿ ಮನುಷ್ಯರು ಇರುವೆಗಳಷ್ಟು ಚಿಕ್ಕವರು. ಇಷ್ಟು ಇಕ್ಕಟ್ಟು ಯಾವ ರಸ್ತೆಯ ಬದಿಯಲ್ಲೂ ಇದ್ದಿರಲಾರದು.

ಆದರೆ ಕಲ್ಪನೆಯ ಬೇರು ನಿಜದಲ್ಲಿದೆ. ರೋಮಿನ ಹಳೆಯ ಕಾನೂನು ಊರೊಳಗೆ ಶವವನ್ನು ಹೂಳುವುದನ್ನೂ ಸುಡುವುದನ್ನೂ ನಿಷೇಧಿಸಿತ್ತು. ಹಾಗಾಗಿ ಗೋರಿಗಳು ಊರಬಾಗಿಲಿನ ಆಚೆಗೆ ಹೋದವು. ಆಚೆ ಎಂದರೆ ಎಲ್ಲೋ ಮೂಲೆಯಲ್ಲಲ್ಲ, ಹೋಗಿಬರುವವರ ಕಣ್ಣಿಗೆ ಬೀಳುವ ಹೆದ್ದಾರಿಯ ಪಕ್ಕದಲ್ಲೇ. ಕ್ರಿಸ್ತಪೂರ್ವ 312ರಲ್ಲಿ ಆರಂಭವಾದ ಅಪ್ಪಿಯನ್ ರಸ್ತೆ ದಕ್ಷಿಣದಿಂದ ರೋಮಿಗೆ ಬರುವವರ ಮುಖ್ಯ ದಾರಿ. ಸಿರಿವಂತ ಮನೆತನಗಳಿಗೆ ತಮ್ಮ ಹೆಸರು ಮೆರೆಸಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಅಂಥದೊಂದು ಮನೆತನದ ಹೆಣ್ಣು ಸಿಸಿಲಿಯಾ ಮೆಟೆಲ್ಲಾಳ ದುಂಡನೆಯ ಭಾರೀ ಗೋರಿ ಇಂದಿಗೂ ಅಲ್ಲಿದೆ.

ಪಿರಾನೇಸಿ ವಾಸ್ತುಶಿಲ್ಪದ ತರಬೇತಿ ಪಡೆದವನು. ಅವಶೇಷಗಳನ್ನು ಅಳೆದು, ಕಲ್ಲಿನ ಜೋಡಣೆಯವರೆಗೂ ನಿಖರವಾಗಿ ಚಿತ್ರಿಸಿದ ಹಾಳೆಗಳೂ ಅವನವೇ ಇವೆ. ಈ ಚಿತ್ರ ಮಾತ್ರ ಅವನ ರೋಮನ್ ಪುರಾವಶೇಷಗಳ ಗ್ರಂಥದಲ್ಲಿ ಗೋರಿಗಳ ಸಂಪುಟಕ್ಕೆ ಮುಖಚಿತ್ರ. ಮದುವೆ ಚಪ್ಪರದ ಬಾಗಿಲಿನಂತೆ ಸ್ವಲ್ಪ ಅತಿಯಾಗಿಯೇ ಸಿಂಗರಿಸಿದ್ದಾನೆ, ಅಷ್ಟೆ.

ನಿಮ್ಮ ಬಳಿ ಪ್ರತಿ ಇದ್ದರೆ ಚಿತ್ರದ ಅಂಚಿನ ಹೊರಗೆ ಬೆರಳಾಡಿಸಿ ನೋಡಿ. ತಾಮ್ರದ ತಗಡು ಒತ್ತಿದ ತಗ್ಗು ಕೈಗೆ ಸಿಗದಿದ್ದರೆ, ಅದು ಬಹುಶಃ ತಗಡಿನಿಂದ ಒತ್ತಿದ್ದಲ್ಲ, ಈಚೆಗೆ ಅಚ್ಚು ಹಾಕಿದ ನಕಲು.