ಕಾರು ತಗ್ಗಿಸಲು ಲೋವರಿಂಗ್ ಸ್ಪ್ರಿಂಗ್ ಮಾತ್ರ ಹಾಕಿದರೆ ಸಾಕಾ?

ಸ್ಪೋರ್ಟ್ಸ್ ಕಾರಿಗೆ ಬರೀ ಸ್ಪ್ರಿಂಗ್ ಬದಲಿಸಿದರೆ ಸಾಕಾ ಎಂದು ಕೇಳಿದ್ದೀರಿ. 25 ಮಿ.ಮೀ. ಒಳಗೆ ಇಳಿಸುವುದಾದರೆ, ಶಾಕ್ ಅಬ್ಸಾರ್ಬರ್ ಚೆನ್ನಾಗಿದ್ದರೆ, ಸಾಮಾನ್ಯವಾಗಿ ಸಾಕು. ಅದಕ್ಕಿಂತ ಜಾಸ್ತಿ ಬೇಡ. ನಮ್ಮ ಕಾಸರಗೋಡು, ಬದಿಯಡ್ಕ ಕಡೆಯ ಒಳದಾರಿಗಳ ಹಂಪ್‌ಗಳಿಗೆ ಕಾರಿನ ಅಡಿ ಉಜ್ಜುತ್ತದೆ, ಅಲ್ವಾ?

ನೀವೇ ಬದಲಿಸುವುದಾದರೆ, ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನ) ಹಾಕದೆ ಸ್ಟ್ರಟ್‌ನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಭಾಗ) ಮೇಲಿನ ನಟ್ ಮುಟ್ಟಲೇಬೇಡಿ. ಸ್ಪ್ರಿಂಗ್ ಸಿಡಿದರೆ ಪ್ರಾಣಕ್ಕೇ ಅಪಾಯ. ಹೆಚ್ಚಿನವರು ತಪ್ಪುವುದು ಕೊನೆಯಲ್ಲಿ. ಕಾರು ಜಾಕ್ ಮೇಲಿರುವಾಗಲೇ ಕಂಟ್ರೋಲ್ ಆರ್ಮ್ (ಚಕ್ರದ ಭಾಗವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ತೋಳು) ಬೋಲ್ಟ್ ಬಿಗಿ ಮಾಡಿಬಿಡುತ್ತಾರೆ. ಆಗ ಆ ಜೋಡಣೆಯೊಳಗಿನ ರಬ್ಬರ್ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಚಕ್ರದ ಮೇಲೆ ಭಾರ ಬಿದ್ದ ನಂತರವೇ ಪೂರ್ತಿ ಬಿಗಿ ಮಾಡಿ.

ಸ್ವಲ್ಪ ಓಡಿಸಿ, ಸ್ಪ್ರಿಂಗ್ ಕೂತ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ಓರೆ), ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಎರಡೂ ಬದಲಾಗಿರುತ್ತವೆ. ಟೋ ತಪ್ಪಿದ್ದರೆ ಹೊಸ ಟಯರ್ ಕೂಡ ಬೇಗ ಸವೆಯುತ್ತದೆ.